ಮಾಸ್ತರರ ಕ್ಯಾಮೆರಾ, ಅಮೃತವ್ವನ ಕಣ್ಣು

ಹೆಣದ ಕುತ್ತಿಗೆ ಮತ್ತೆ ಎಡಕ್ಕೆ ವಾಲಿತು. ಈಶಪ್ಪ ಅಣ್ಣನ ತಲೆಯನ್ನು ಎತ್ತಿ ಹಿಡಿದು, ಗೋಡೆಗೂ ಭುಜಕ್ಕೂ ನಡುವೆ ದಿಂಬು ತುರುಕಿದ. ಕುರ್ತಕೋಟಿಯ ಪುಂಡಲೀಕಪ್ಪ ಮಾಸ್ತರರು ವಿಭೂತಿ ಹಚ್ಚಿಸಿಕೊಂಡು, ಮಾಲೆ ಹಾಕಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಮಣ್ಣಿಗೆ ಒಯ್ಯುವ ಮುಂಚೆ, ಮಗ್ಗುಲಲ್ಲಿ ಹೆಂಡತಿಯನ್ನು ಕೂಡಿಸಿ ಕಡೆಯ ಪಟ ತೆಗೆಯಬೇಕಿತ್ತು.

"ಏನ್ ಕಣ್ಣಿತ್ತರೀ ಮಾಸ್ತರಿಗೆ!" ಎಂದ ಊರ ಹಿರಿಯ ಉಳವಪ್ಪ. "ಹ್ವಾದ ವರ್ಷ ಕರ್ನಾಟಕ ಒಂದಾದಾಗ ಗದಗಿನ್ಯಾಗ ಮೆರವಣಗಿ ಪಟಾ ತಗದಿದ್ರಲ್ಲ, ಅದರಾಗ ನನ್ನ ರುಮಾಲಿನ ನೂಲು ಎಣಸಬಹುದು."

ಮೂಲೆಯಲ್ಲಿದ್ದ ಮಾಸ್ತರರ ಹೆಂಡತಿ ಅಮೃತವ್ವ ತಲೆ ಎತ್ತಿ ಅವನನ್ನು ದುರುಗುಟ್ಟಿ ನೋಡಿದಳು. ಆ ನೂಲು ಕಂಡದ್ದು ಅವಳ ಕಣ್ಣಿಗೆ.

*

ಏಕೀಕರಣಕ್ಕೆ ಮೂರು ತಿಂಗಳು ಮುಂಚೆ ಗಂಡಹೆಂಡಿರು ಗದಗಿನ ದಸ್ತಗೀರಸಾಬನ ಅಂಗಡಿಗೆ ಹೋಗಿದ್ದರು. ಮಾಸ್ತರರಿಗೆ ಅದು ಮೊದಲ ಕ್ಯಾಮೆರಾ. ಸಾಬ ಎರಡನ್ನು ಮುಂದಿಟ್ಟ: ಒಂದು ಡಬ್ಬಿ ಕ್ಯಾಮೆರಾ, ಇನ್ನೊಂದು ರೇಂಜ್‌ಫೈಂಡರ್.

"ಹೊಸಬರಿಗೆ ಡಬ್ಬೀನ ಪಾಡರಿ. ಗುಂಡಿ ಒತ್ತಿದ್ರ ಆತು. ಈ ರೇಂಜ್‌ಫೈಂಡರಿನ ಕಿಟಕ್ಯಾಗ ಒಂದು ಮುಖ ಎರಡಾಗಿ ಕಾಣತೈತಿ. ಉಂಗುರಾ ತಿರುವಿ ಎರಡೂ ಕೂಡಿಸಬೇಕು. ಕೂಡಲಿಲ್ಲಂದ್ರ ಪಟಾ ಮಸಕು."

"ಡಬ್ಬಿ ಹುಡುಗೂರ ಆಟಗಿ," ಎಂದು ಮಾಸ್ತರರು ರೇಂಜ್‌ಫೈಂಡರನ್ನು ಕಣ್ಣಿಗೆ ಒತ್ತಿಕೊಂಡರು. ಉಂಗುರವನ್ನು ಆಚೆ ತಿರುವಿದರು, ಈಚೆ ತಿರುವಿದರು. ಎರಡೂ ಇಲ್ಲ, ಒಂದೂ ಇಲ್ಲ, ಬರೀ ಮಂಜು. "ಕೂಡೇತಿ," ಎಂದು ಸುಳ್ಳು ಹೇಳಿ ಹೆಂಡತಿಯ ಕೈಗೆ ಕೊಟ್ಟರು. ಅಮೃತವ್ವನಿಗೆ ಇಬ್ಬರು ದಸ್ತಗೀರಸಾಬರು ಕಂಡರು. ಬೆರಳಿನಿಂದ ಉಂಗುರ ತುಸು ಸರಿಸಿದಳು, ಒಬ್ಬನೇ ಆದ. ಖುಷಿಗೆ ನಕ್ಕೇಬಿಟ್ಟಳು.

"ಇದನ್ನ ಕಟ್ಟರಿ," ಎಂದರು ಮಾಸ್ತರರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

ಅಂದಿನಿಂದ ಸೆರಗು ಮುಂದೆಳೆದುಕೊಂಡು, ಕ್ಯಾಮೆರಾ ಒರೆಸುವ ನೆವದಲ್ಲಿ ಉಂಗುರ ತಿರುವಿ ಕೂಡಿಸಿ ಕೊಡುವವಳು ಅವಳು, ಗುಂಡಿ ಒತ್ತುವವರು ಅವರು. ಪಟದ ಹಿಂದೆ ಮಾತ್ರ ಒಂದೇ ಹೆಸರು. ನನ್ನದೂ ಬರೆಯಿರಿ ಎಂದು ಒಮ್ಮೆ ಕೇಳಿದ್ದಕ್ಕೆ, "ಮಂದಿ ನಗತಾರ," ಎಂದಿದ್ದರು.

*

ಕಡೆಯ ಪಟ ತೆಗೆಯಲು ಹೇಳಿಕಳಿಸಿದ್ದ ದಸ್ತಗೀರಸಾಬ ಊರಲ್ಲಿಲ್ಲವೆಂದು ಗದಗಿನಿಂದ ಖಬರ ಬಂತು. ಅಮೃತವ್ವ ಒಳಗಿನಿಂದ ಕ್ಯಾಮೆರಾ ತಂದಳು.

"ನಾ ತಗೀತೀನಿ."

"ಏನ್ ಮಾತಾಡ್ತೀರಿ ವೈನಿ?" ಈಶಪ್ಪ ಕ್ಯಾಮೆರಾ ಕಸಿದುಕೊಂಡ. "ನೀವು ಮಗ್ಗಲಕ ಕುಂಡ್ರಬೇಕು. ಹೆಂಗಸರಿಗೆ ಇದೇನು ತಿಳಿತೈತಿ?"

"ಇಷ್ಟ ದಿನಾ ಎಲ್ಲಾ ಪಟಾ ಕೂಡಿಸಿದಾಕಿ ನಾನ. ಅವರ ಕಣ್ಣಿಗೆ ಕಾಣತಿರಲಿಲ್ಲ."

"ಸತ್ತವರ ಮ್ಯಾಲೆ ಸುಳ್ಳು ಹೇಳಬ್ಯಾಡವ್ವಾ!" ಉಳವಪ್ಪ ಗದರಿದ. ಹೆಂಗಸರು ಅವಳ ರಟ್ಟೆ ಹಿಡಿದು ಗಂಡನ ಮಗ್ಗುಲಲ್ಲಿ ಕೂಡಿಸಿದರು. ಈಶಪ್ಪ ಉಂಗುರ ಮುಟ್ಟಲೇ ಇಲ್ಲ. ಗುಂಡಿ ಒತ್ತಿದ.

"ಆತು. ಈ ರೀಲಿನ್ಯಾಗ ಅಣ್ಣ ತಗದ ಕಡೀ ಪಟಾನೂ ಅದಾವು. ಅವನ ಹೆಸರ್ಲೆ ಶಾಲ್ಯಾಗ ಹಾಕಸೋಣು. ಕ್ಯಾಮೆರಾ ನನ್ನ ಹತ್ರ ಇರಲಿ, ನಿಮಗ್ಯಾಕ?"

"ತಾ ಇಲ್ಲೆ ಒಂದೀಟು," ಎಂದಳು ಅಮೃತವ್ವ.

ಬೆಳಕು ಸೋಕಿದರೆ ರೀಲಿನ ಪಟಗಳೆಲ್ಲ ಅಳಿದುಹೋಗುತ್ತವೆಂದು ಅಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಕ್ಯಾಮೆರಾದ ಬೆನ್ನು ತೆರೆದು ರೀಲನ್ನು ಪೂರಾ ಹೊರಗೆಳೆದಳು. ಖಾಲಿ ಕ್ಯಾಮೆರಾವನ್ನು ಮೈದುನನ ಕೈಗಿಟ್ಟಳು.

"ತಗೋ. ಇದು ನಿಮ್ಮಣ್ಣಂದು."

ಹೆಣದ ಮುಂದೆ ಹಾಡುತ್ತಿದ್ದ ಭಜನೆಯವರು ತಾಳ ನಿಲ್ಲಿಸಿ ನೋಡಿದರು. ಅವಳು ಅಂಗಳಕ್ಕಿಳಿದು, ಸುರುಳಿ ಸುತ್ತಿಕೊಳ್ಳುತ್ತಿದ್ದ ರೀಲಿನ ಎರಡು ತುದಿಗೂ ಕಲ್ಲು ಹೇರಿ, ಸಂಡಿಗೆ ಒಣಹಾಕುವವಳ ಜತನದಲ್ಲಿ ಅದನ್ನು ನಡುಮಧ್ಯಾಹ್ನದ ಬಿಸಿಲಿಗೆ ಹರವಿದಳು.