ಬೀಗರ ಫೋನು

ಬೈಯೋದಕ್ಕಾದರೂ ಫೋನು ಎತ್ತಬೇಕು ಎಂದಿದ್ದರು ಇನ್ನೊಂದು ದೇಶದ ಅಧಿಕಾರಿ, ಒಪ್ಪಂದಕ್ಕೆ ಸಹಿ ಬಿದ್ದ ದಿನ, ಸಭಾಂಗಣದ ಹೊರಗೆ ಕೈ ತೊಳೆಯುವ ಜಾಗದಲ್ಲಿ, ನನ್ನ ಒದ್ದೆ ಕೈಯನ್ನು ತಮ್ಮ ಒದ್ದೆ ಕೈಯಲ್ಲಿ ಹಿಡಿದು, ಎತ್ತುತ್ತೇನೆ, ಮಾತು ಕೊಟ್ಟೆ ಎಂದಿದ್ದೆ ನಾನೂ, ನಗುತ್ತಾ — ಈಗ ಅದು ಹೊಡೆದುಕೊಳ್ಳುತ್ತಿದೆ, ಬೂದು ಬಣ್ಣದ ಫೋನು, ಒಂದೊಂದು ಸಲ ಹೊಡೆದುಕೊಂಡಾಗಲೂ ಪಕ್ಕದ ಲೋಟದಲ್ಲಿ ಆರಿದ ಟೀಯ ಕೆನೆ ನಡುಗುತ್ತದೆ, ಸುಕ್ಕುಗಟ್ಟುತ್ತದೆ, ನರ್ಸು ಚಿಮಟದಲ್ಲಿ ಎತ್ತಿದ ಚರ್ಮವೂ ಹೀಗೇ ಇತ್ತು, ಬೇಡ, ಆ ಕಡೆ ನೋಡಬೇಡ, ಗೋಡೆ ನೋಡು. ಗೋಡೆಯ ಮೇಲೆ ಐದು ಬಾವುಟ, ಐದು ದೇಶ, ಐದು ಕೋಣೆ, ಕೋಣೆಗೊಂದು ಫೋನು, ಯಾರ ಕಂಪ್ಯೂಟರಿಗೆ ಯಾರೇ ಕೈ ಹಾಕಿರಲಿ, ತಿರುಗಿ ಹೊಡೆಯುವ ಮೊದಲು ಒಂದು ಮಾತು ಕೇಳಿ, ಇಷ್ಟೇ ಒಪ್ಪಂದ, ದೊಡ್ಡ ದೇಶದವರು ನಮ್ಮನ್ನು ಕೇಳಿ ನಿಯಮ ಮಾಡಲಿಲ್ಲ, ನಮ್ಮದು ನಾವೇ ಮಾಡಿಕೊಳ್ಳೋಣ ಎಂದು ಒಂದೊಂದು ಅಲ್ಪವಿರಾಮಕ್ಕೂ ಕಚ್ಚಾಡಿ ಬರೆದದ್ದು. ವಾರಕ್ಕೊಮ್ಮೆ ಅವರ ಜೊತೆ ಫೋನು ಸರಿಯಿದೆಯೋ ಇಲ್ಲವೋ ಎಂದು ಪರೀಕ್ಷೆ, ಆಡಲು ಮಾತಿಲ್ಲ, ಮಂಡಿನೋವು ಹೇಗಿದೆ, ಅಲ್ಲಿ ಬಿಸಿಲಾ, ಮಕ್ಕಳು ಚೆನ್ನಾಗಿದ್ದಾರಾ, ಇಬ್ಬರದೂ ಅಲ್ಲದ ಭಾಷೆಯಲ್ಲಿ ಇಬ್ಬರೂ ತಡವರಿಸುತ್ತಾ, ಅಕ್ಕಾ ನಿಮ್ಮ ಬೀಗರ ಫೋನು ಎಂದು ಕೋಣೆಯ ಕಿರಿಯವಳು ಕೂಗುತ್ತಿದ್ದಳು, ಹೆಣ್ಣು ಕೊಟ್ಟಿಲ್ಲ ತಂದಿಲ್ಲ, ಕುಶಲ ವಿಚಾರಿಸೋದು ಮಾತ್ರ ಒಂದು ವಾರವೂ ತಪ್ಪಿಲ್ಲ, ಅಂದಿನಿಂದ ಅವರು ಬೀಗರೇ.

ನೀರು ಬಿದ್ದ ಹಾಗೆ ಕಾಣಲ್ಲಮ್ಮ ಕಾದ ಉಕ್ಕು, ಎಂದ ಮಗಳ ಕಾರ್ಖಾನೆಯ ಫಿಟ್ಟರು, ಆಸ್ಪತ್ರೆಯ ಬಾಗಿಲಲ್ಲಿ, ಅವನಿಗೆ ಹುಬ್ಬು ಉಳಿದಿರಲಿಲ್ಲ, ಜೇನು ಸುರಿದ ಹಾಗೆ ಕಾಣುತ್ತೆ, ನಿಧಾನ, ಓಡಬಹುದು ಅನ್ಸುತ್ತೆ. ಇವತ್ತು ಬೆಳಗ್ಗೆ, ಪಾಳಿ ಬದಲಾಗುವಾಗ, ಕರಗಿದ ಉಕ್ಕಿನ ದೊಡ್ಡ ಬೋಗುಣಿ ಬಾಗಬಾರದ ಕಡೆ ಬಾಗಿತು, ಯಾರೂ ಗುಂಡಿ ಒತ್ತಿರಲಿಲ್ಲ, ಹೊರಗಿನಿಂದ ಯಾರೋ ಕಂಪ್ಯೂಟರಿಗೆ ನುಗ್ಗಿ ಬಾಗು ಎಂದರು, ಬಾಗಿತು, ಅಡಿಯಲ್ಲಿದ್ದವರಲ್ಲಿ ಹೂಳುವುದಕ್ಕೆ ಏನೂ ಸಿಗಲಿಲ್ಲ, ನನ್ನ ಮಗಳು ಅಂಚಿನಲ್ಲಿದ್ದಳು, ಉಕ್ಕಿನ ಬಿಸಿ ಅಳೆಯುವ ಎಂಜಿನಿಯರು, ಅಂಚಲ್ಲಿದ್ದಿದ್ದು ಪುಣ್ಯ ಎಂದರು ಡಾಕ್ಟರು, ಯಾವ ಪುಣ್ಯ, ಮೊದಲ ಸಂಬಳದಲ್ಲಿ ಕೊಂಡ ಗಡಿಯಾರದ ಪಟ್ಟಿ ಮಣಿಕಟ್ಟಿನೊಳಕ್ಕೆ ಇಳಿದುಹೋಗಿತ್ತು, ಎಲ್ಲಿ ಪಟ್ಟಿ ಮುಗಿದು ಎಲ್ಲಿ ಅವಳು ಶುರುವಾಗುತ್ತಾಳೆ ತಿಳಿಯುತ್ತಿರಲಿಲ್ಲ, ಆ ಮಾಂಸದ ನಡುವೆ ಸೆಕೆಂಡಿನ ಮುಳ್ಳು ಓಡುತ್ತಿತ್ತು, ಏನೂ ಆಗದವರ ಹಾಗೆ.

ನಿಂತಿತು. ಮತ್ತೆ ಶುರುವಾಯಿತು ಫೋನು. ಬೀಗರು ಛಲದವರು. ನುಗ್ಗಿದವರ ಜಾಡು ಹಿಡಿದು ಹೋದ ನಮ್ಮವರು ಬೀಗರ ದೇಶದ ಕಂಪ್ಯೂಟರುಗಳ ಹತ್ತಿರ ಹೋಗಿ ನಿಂತಿದ್ದಾರೆ, ಅಲ್ಲಿಂದಲೇ ಹೊರಟಿತೋ, ಬೇರೆ ಯಾರಾದರೂ ಅವರ ಹಿತ್ತಲು ಹಾದು ಬಂದರೋ, ಗೊತ್ತಿಲ್ಲ, ಅದನ್ನು ಕೇಳುವುದಕ್ಕೇ ಇರುವುದು ಈ ಫೋನು — ಎತ್ತಿದರೆ ಒಪ್ಪಂದದ ಪ್ರಕಾರ ಒಂದು ಇಡೀ ದಿನ ನಾವು ಕೈ ಕಟ್ಟಿ ಕೂರಬೇಕು, ಎತ್ತದಿದ್ದರೆ, ಎತ್ತುವವರು ಸಿಗಲಿಲ್ಲ ಎಂದಾದರೆ, ಕೈ ಬಿಚ್ಚಿದ ಹಾಗೆ, ತಿರುಗಿ ಹೊಡೆಯಬಹುದು. ಸಾಹೇಬರು ಬಾಗಿಲಿಗೆ ಒರಗಿ ನಿಂತಿದ್ದಾರೆ, ಎತ್ತಿ ಅಂತಾನೂ ಹೇಳ್ತಿಲ್ಲ ಮೇಡಂ, ಬೇಡ ಅಂತಾನೂ ಹೇಳ್ತಿಲ್ಲ, ಕುರ್ಚಿ ನಿಮ್ಮದು. ನನ್ನದಲ್ಲ, ಇವತ್ತು ಕಿರಿಯವಳ ಪಾಳಿ, ಅವಳನ್ನು ಮನೆಗೆ ಕಳಿಸಿ ಆಸ್ಪತ್ರೆಗೆ ಕಾರು ಕಳಿಸಿದರು, ದೇಶ ನಿಮ್ಮನ್ನ ಕೇಳ್ತಿದೆ ಎಂದ ಡ್ರೈವರು, ಹೇಳಿಕೊಟ್ಟ ಮಾತು, ಕಿರಿಯವಳಾದರೆ ಎತ್ತಿಬಿಡುತ್ತಿದ್ದಳು, ಅಯ್ಯೋ ಬೀಗರೇ ಎಂದು ಅತ್ತುಬಿಡುತ್ತಿದ್ದಳು, ಎತ್ತದವಳು ಬೇಕಿತ್ತು ಇವರಿಗೆ, ಸುಟ್ಟ ಮಗಳ ತಾಯಿ ಬೇಕಿತ್ತು, ಹುಡುಕಿ ತಂದು ಕೂರಿಸಿದ್ದಾರೆ, ಗೊತ್ತು ನನಗೆ, ಗೊತ್ತಿದ್ದೇ ಕೂತಿದ್ದೇನೆ. ಮೊಬೈಲಿನಲ್ಲಿ ಯಜಮಾನರು, ಅವಳು ಕಣ್ಣು ಬಿಟ್ಲು, ಅಮ್ಮ ಎಲ್ಲಿ ಅಂದ್ಲು, ಏನು ಹೇಳ್ಲಿ, ಡ್ಯೂಟಿ ಅಂತ ಹೇಳಿ ಎಂದೆ, ನಿನ್ನ ಡ್ಯೂಟಿಗೆ ಬೆಂಕಿ ಬೀಳ, ಎಂದು ಇಟ್ಟರು.

ಪಕ್ಕದ ಕೋಣೆಯಲ್ಲಿ ನಮ್ಮ ಹುಡುಗರು ತಯಾರಾಗಿ ಕೂತಿದ್ದಾರೆ, ಇವರ ಕೆಲಸ ಇಲ್ಲಿಂದಲೇ ಬೀಗರ ಊರಿನ ನೀರು ಶುದ್ಧ ಮಾಡುವ ಘಟಕದ ಕ್ಲೋರಿನ್ ಕವಾಟ ತೆಗೆಯುವುದು, ಗಾಳಿಗಿಂತ ಭಾರ ಆ ಅನಿಲ, ನೆಲ ಹಿಡಿದು ಬರುತ್ತೆ, ಕೆಳಗೆ ಮಲಗಿದವರಿಗೆ ಮೊದಲು, ಎಂದು ಜಂಟಿ ತಾಲೀಮಿನಲ್ಲಿ ಪಾಠ ಮಾಡಿದವರೇ ಬೀಗರು, ಶ್ವಾಸಕೋಶ ಒಳಗಿಂದ ಬೇಯುತ್ತೆ, ತನ್ನದೇ ನೀರಲ್ಲಿ ಮುಳುಗುತ್ತೆ, ಎಂದು ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿ, ಸೀಮೆಸುಣ್ಣದ ಕೈ ಪ್ಯಾಂಟಿಗೆ ಒರೆಸಿಕೊಂಡರು, ಆಮೇಲೆ ಊಟಕ್ಕೆ ಕೂತಾಗ ಹೇಳಿದರು, ನಮ್ಮನೆ ಆ ಘಟಕದ ಗೋಡೆಗೆ ಅಂಟಿಕೊಂಡೇ ಇದೆ, ನೀರಿನ ಸದ್ದಿಗೆ ಒಳ್ಳೆ ನಿದ್ದೆ ಬರುತ್ತೆ. ಹೋದ ವಾರ ಫೋನಿನಲ್ಲಿ ಬೀಗರು, ಸೊಸೆ ಹೆತ್ತಳು, ಹೆಣ್ಣು, ನಿಮ್ಮ ಬಾಯಲ್ಲಿ ಒಂದು ಹೆಸರು ಹೇಳಿ. ಯೋಚನೆ ಮಾಡಿ ಹೇಳ್ತೀನಿ ಎಂದಿದ್ದೆ. ಹೆಸರಿಲ್ಲದೇ ಹೋಗಲಿ. ಬೇಯಲಿ. ಚಿಮಟದಲ್ಲಿ ಎತ್ತಲಿ ಅವರ ನರ್ಸು, ಬೀಗರು ಬಾಗಿಲಲ್ಲಿ ನಿಂತು ನೋಡಲಿ, ನಾನು ನಿಂತ ಹಾಗೆ — ಅವರಲ್ಲದಿದ್ದರೆ, ಅವರಲ್ಲದಿದ್ದರೂ, ಯಾರಾದರೇನು, ಯಾರಿಗಾದರೂ ಆಗಲೇಬೇಕು ಇದು. ಕೈ ಫೋನಿನ ಮೇಲಿದೆ, ಯಾವಾಗ ಇಟ್ಟೆ, ಅಂಗೈಯಡಿ ಕತ್ತು ಹಿಡಿದ ಕೋಳಿಯ ಎದೆಯ ಹಾಗೆ ಬಡಿದುಕೊಳ್ಳುತ್ತಿದೆ, ಬೈಯೋದಕ್ಕಾದರೂ, ಬೈಯೋದಕ್ಕಾದರೂ, ಒಂದು ಸಲ ಎತ್ತಿ ನಿನ್ನ ವಂಶ ಹಾಳಾಗ ಎಂದರೂ ಸಾಕು, ಅಷ್ಟಕ್ಕೇ ಇಡೀ ದಿನ ಉಳಿಯುತ್ತದೆ, ಆ ಕೂಸು ಉಳಿಯುತ್ತದೆ, ಸಾಹೇಬರು ನನ್ನ ಮುಖ ನೋಡುತ್ತಿಲ್ಲ, ಕೈ ನೋಡುತ್ತಿದ್ದಾರೆ, ನಾನೂ ಕೈ ನೋಡುತ್ತಿದ್ದೇನೆ, ಮಣಿಕಟ್ಟು, ಅವಳ ಮಣಿಕಟ್ಟು, ಬಿಡಿಸಬೇಕೋ ಕತ್ತರಿಸಬೇಕೋ ಎಂದು ನರ್ಸು ಕೇಳುತ್ತಿದ್ದಾಳೆ, ಮಾಂಸದೊಳಗೆ ಗಡಿಯಾರ, ಮುಳ್ಳು ಓಡುತ್ತಿದೆ, ಮುಳ್ಳು ಓಡುತ್ತಿದೆ, ಮುಳ್ಳು

ಫೋನು ನಿಂತಿತು. ಸಾಹೇಬರು ಪಕ್ಕದ ಕೋಣೆಗೆ ಹೋದರು. ನಾನು ಎತ್ತಲಿಲ್ಲ.