ಹನಿ ಇಲ್ಲದ ಗುಲಾಬಿ

ಮಳೆ ನಿಂತದ್ದೇ ತಡ, ಮೇಲಿನ ಮನೆಯ ಹುಡುಗಿ ಮೊಬೈಲ್ ಹಿಡಿದು ಕೈತೋಟಕ್ಕೆ ಇಳಿಯುತ್ತಾಳೆಂದರೆ ಅದರಲ್ಲೇನೋ ಇದೆ ಎಂದು ಕೊಟ್ರಬಸಮ್ಮನಿಗೆ ಖಾತ್ರಿಯಾಗಿತ್ತು. ಹೂವಿನ ಫೋಟೋ ಅಂದರೆ ಒಂದು ತೆಗೆದು ಸುಮ್ಮನಾಗಬೇಕಲ್ಲ? ಈ ಗಂಗೋತ್ರಿ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಮುಖವನ್ನು ಹೂವಿನೊಳಗೇ ತೂರಿಸುವವಳ ಹಾಗೆ ಬಗ್ಗಿ, ಹನಿಗೊಂದರಂತೆ ತೆಗೆಯುತ್ತಾಳೆ. ಸಿರುಗುಪ್ಪದಿಂದ ಬಂದು ಕಂಟೋನ್ಮೆಂಟಿನ ಈ ಮನೆಗೆ ಬಾಡಿಗೆಗೆ ಸೇರಿ ಇನ್ನೂ ಎರಡು ತಿಂಗಳಾಗಿಲ್ಲ.

ಕೊಟ್ರಬಸಮ್ಮನ ಸಂಕಟ ಫೋಟೋದ್ದಲ್ಲ, ಮೂಗಿನದು. ಆರು ತಿಂಗಳ ಹಿಂದೆ ಬಂದ ಜ್ವರ ಗಂಡ ಎರ್ರಿಸ್ವಾಮಿಯ ಮೂಗಿನಿಂದ ವಾಸನೆಯನ್ನೇ ಒಯ್ದುಬಿಟ್ಟಿತ್ತು. ಬೆಳ್ಳುಳ್ಳಿ ಒಗ್ಗರಣೆಯ ಘಮ ಹಿಡಿದು ತಾನಾಗಿ ಅಡುಗೆಮನೆಗೆ ಬರುತ್ತಿದ್ದ ಮನುಷ್ಯ ಈಗ ಕರೆದರೆ ಬಂದು, ಎರಡು ತುತ್ತು ನುಂಗಿ ಏಳುತ್ತಿದ್ದ. ಡಾಕ್ಟರು ಕಾಯಿರಿ ಅಂದರು. ಕೊಟ್ರಬಸಮ್ಮ ಬರೀ ಕಾಯುತ್ತ ಕೂರುವವಳಲ್ಲ. ಮನೆಯ ಪನ್ನೀರು ಗುಲಾಬಿಯನ್ನು ಐದು ಸೋಮವಾರ ಬಿಡದೆ ಲಿಂಗಕ್ಕೆ ಏರಿಸುತ್ತೇನೆಂದು ಹರಕೆ ಹೊತ್ತಳು.

ಮೂಸಿದ ಹೂವು ಪೂಜೆಗೆ ಬಾರದು. ಕಳೆದ ತಿಂಗಳು ಹರಕೆಯ ಮೂರನೇ ಸೋಮವಾರದ ಮುಂಜಾನೆ, ರಾತ್ರಿ ಸುರಿದ ಮಳೆಗೆ ಗಿಡವೆಲ್ಲ ಹನಿ ಹೊತ್ತು ನಿಂತಿದ್ದರೆ ಒಂದು ಗುಲಾಬಿಯ ಮೇಲೆ ಮಾತ್ರ ಹನಿಯೇ ಇರಲಿಲ್ಲ. ಯಾರದೋ ಮೂಗು ಅದನ್ನು ಒರೆಸಿಕೊಂಡು ಹೋಗಿತ್ತು. ಕೊಟ್ರಬಸಮ್ಮ ಹರಕೆಯನ್ನು ಮತ್ತೆ ಒಂದರಿಂದ ಹಿಡಿದಳು.

ಹಾಗೆ ಹೊಸದಾಗಿ ಹಿಡಿದದ್ದರಲ್ಲಿ ಇವತ್ತು ಐದನೇ ಸೋಮವಾರ. ರಾತ್ರಿ ಮಳೆ. ಬುಟ್ಟಿ ಹಿಡಿದು ಬಂದರೆ ಗಂಗೋತ್ರಿ ಆಗಲೇ ಗಿಡದ ಬುಡದಲ್ಲಿ! ಅರಳಿದ ಗುಲಾಬಿ ಎರಡೇ. ಎರಡರ ಮೇಲೂ ಹನಿಯಿಲ್ಲ.

"ಏ ಹುಡುಗಿ, ಖರೇ ಹೇಳು. ಮೂಸೀದಿಯೋ ಇಲ್ಲೋ?"

"ಏನ್ರಿ ಆಂಟಿ?"

"ಗುಲಾಬಿ! ಅದರ ಹನಿ ನಿನ್ನ ಮೂಗಿಗೇ ಹತ್ತಿರಬೇಕು, ನೋಡ್ಕೊ."

ಗಾಬರಿಯಲ್ಲಿ ಹುಡುಗಿ ಮೂಗು ಒರೆಸಿಕೊಂಡಳು. ಕೊಟ್ರಬಸಮ್ಮನಿಗೆ ಅಷ್ಟು ಸಾಕಾಯಿತು.

"ಸಿಕ್ಕಿಬಿದ್ದಿ!"

"ಅಯ್ಯ, ನಾ ಬರೂದ್ರಾಗ ಇವಕ್ಕ ಹನೀನ ಇರ್ಲಿಲ್ರಿ. ಅದಕ್ಕ ಮೊಗ್ಗಿಂದು ತಗಿಯಾಕತ್ತಿದ್ದೆ. ಬೇಕಾರ ನೋಡ್ರಿ, ಇಳಿಯೂಕಿಂತ ಮೊದ್ಲು ಬಾಲ್ಕನಿಯಿಂದ ಒಂದು ತಗದೀನಿ."

ಮೇಲಿನಿಂದ ತೆಗೆದ ಫೋಟೋ. ಇಡೀ ತೋಟ ಮಿರಿಮಿರಿ. ಗಂಗೋತ್ರಿ ಬೆರಳಿನಿಂದ ಹಿಗ್ಗಿಸುತ್ತ ಹೋದಳು. ಗುಲಾಬಿ ಗಿಡದ ಮುಂದೆ ಬಿಳಿ ಬನಿಯನ್ನು, ಹೆಗಲ ಮೇಲೆ ಟವೆಲ್ಲು, ಹೂವಿನೊಳಗೆ ಮೂಗು.

"ಅಂಕಲ್ ಅದಾರ್ರಿ," ಅಂದಳು ಹುಡುಗಿ ಮೆಲ್ಲಗೆ. "ಹೋದ ತಿಂಗಳಿಂದೂ ಒಂದೈತಿ."

"ರೀ! ಹೊರಗ ಬರ್ರಿ!"

ಎರ್ರಿಸ್ವಾಮಿ ಬಂದು ಫೋಟೋ ನೋಡಿ ತಲೆ ಕೆರೆದುಕೊಂಡ. "ದಿನಾ ಮೂಸ್ತೀನಿ. ಮಳಿ ಬಂದಾಗ ಸಿಕ್ಕಿಬಿದ್ದೆ ನೋಡು. ವಾಸನಿ ಬಂದ್ರ ಮೊದ್ಲ ನಿನಗ ಹೇಳೂನಂತ..."

"ಮೂಸಿದ್ದು ಲಿಂಗಕ್ಕ ಬರೂದಿಲ್ಲಂತ ಗೊತ್ತಿಲ್ಲೇನು?"

"ನನ್ನ ಮೂಗು ಮೂಸಿದ್ರ ಅದು ಮೂಸಿದಂಗೇನ? ಏನೂ ಬರಂಗಿಲ್ಲಲ್ಲ ಇದಕ್ಕ!"

ಗಂಗೋತ್ರಿ ನಗು ತಡೆಯಲು ದುಪ್ಪಟ್ಟಾ ಬಾಯಿಗೊತ್ತಿಕೊಂಡಳು. ಕೊಟ್ರಬಸಮ್ಮನಿಗೆ ನಗು ಬರಲಿಲ್ಲ.

"ಇವತ್ತ ಬಂತೇನು ವಾಸನಿ?"

"ಬಂತು." ಕೇಳುವುದರೊಳಗೇ ಉತ್ತರ.

ಇಷ್ಟು ಬೇಗ ಹೇಳಿದ್ದಕ್ಕೇ ಅವಳಿಗೆ ಮತ್ತೆ ಅನುಮಾನ. "ಹಂಗಾರ ಒಲಿ ಮ್ಯಾಲ ಏನೈತಿ ಹೇಳ್ರಿ."

ಎರ್ರಿಸ್ವಾಮಿ ಅಡುಗೆಮನೆಯ ಕಡೆ ಮೂಗೆತ್ತಿ ಉದ್ದಕ್ಕೆ ಉಸಿರೆಳೆದ. ಹೆಂಡತಿಯ ಮುಖ ನೋಡಿದ.

"ಒಗ್ಗರಣಿ. ಬೆಳ್ಳುಳ್ಳಿ ಚೊಲೋ ಹಾಕೀದಿ."

ಅವಳು ಒಲೆಯನ್ನೇ ಹಚ್ಚಿರಲಿಲ್ಲ.

"ಹೂಂನ್ರಿ," ಅಂದಳು. ಎರಡೂ ಗುಲಾಬಿ ಕಿತ್ತು ಅವನ ಕೈಗಿಟ್ಟಳು. ಆಮೇಲೆ ಗಂಗೋತ್ರಿಯ ಕಡೆ ತಿರುಗಿ, "ನಿನ್ನ ಮ್ಯಾಲ ಸುಳ್ಳ ಹೊರಿಸಿದ್ನೆವ್ವಾ. ಮುಂದಿನ ಸೋಮವಾರ ನಸುಕಿನಾಗ ಇಳದು ಬಾ. ಇವರು ಗಿಡದ ಸನೇಕ ಬಂದ್ರ ಫೋಟೋ ಹೊಡಿ. ಒಂದರಿಂದ ಹಿಡೀಬೇಕು ಮತ್ತ."