ಬಕೆಟ್ಟಿನ ಬಾಯಿ

"ಏಯ್ ಬಕೆಟ್ಟು, ಅಲ್ಲೇ ನಿಂತ್ಕೊಳೇ! ಕುರ್ಚಿಗೆ ತಾಗೀಯ, ದರಿದ್ರದವಳೇ!"

ಮ್ಯಾನೇಜರ್ ನನ್ನ ಕಾಲಡಿಗೆ ಹಳೆ ಪೇಪರ್ ಹಾಸಿಸಿದ. ಕಾರ್ಖಾನೆಯಲ್ಲಿ ಹದಿನೇಳು ವರ್ಷ ನೂಲಿಗೆ ಬಣ್ಣ ಅದ್ದಿದವಳು ನಾನು; ಉಟ್ಟ ಬಟ್ಟೆಯಿಂದ ಇನ್ನೂ ನೀಲಿ ತೊಟ್ಟಿಕ್ಕುತ್ತಿತ್ತು. ಎದುರಿಗೆ ಬಿಳಿ ಬಟ್ಟೆ ಹೊದಿಸಿದ ಎಂಟು ಕುರ್ಚಿ, ಏಳರಲ್ಲಿ ಆಫೀಸರುಗಳು. ಗೋಡೆ ಮೇಲೆ ದೊಡ್ಡ ಅಕ್ಷರ: 'ಬಲ್ಲದ್ದನ್ನು ಹಂಚಿಕೊಳ್ಳೋಣ, ನಾವೆಲ್ಲ ಒಂದೇ ಕುಟುಂಬ.' ಕುಟುಂಬವಂತೆ, ಕುಟುಂಬ!

ಮೂರು ವಾರದಿಂದ ಸೋಮವಾರದ ನೀಲಿ ನೂಲೆಲ್ಲ ಮಚ್ಚೆ ಮಚ್ಚೆಯಾಗಿ ಬರುತ್ತಿತ್ತು. ಯಾಕೆಂದು ಏಳು ತಲೆಗೂ ಹೊಳೆದಿರಲಿಲ್ಲ. ನನಗೆ ಗೊತ್ತಿತ್ತು. ರಜೆಯ ದಿನ ಕೊಳವೆಯಲ್ಲಿ ನಿಂತ ನೀರಿಗೆ ತುಕ್ಕು ಇಳಿದಿರುತ್ತದೆ. ಮೊದಲ ಹತ್ತು ಬಕೆಟ್ ಚೆಲ್ಲಿ, ಆಮೇಲೆ ತೊಟ್ಟಿ ತುಂಬಿಸಬೇಕು. ಪ್ರತಿ ಸೋಮವಾರ ಚೆಲ್ಲುತ್ತಿದ್ದೆ. ಅದಕ್ಕೇ ನನಗೆ ಈ ಹೆಸರು. ಹೋದ ತಿಂಗಳು ಇದೇ ಮ್ಯಾನೇಜರ್ ಕಂಡು, "ನೀರೇನು ನಿಮ್ಮಪ್ಪಂದಾ?" ಎಂದು ಬಕೆಟ್ಟನ್ನು ಒದ್ದಿದ್ದ. ಅವತ್ತಿಂದ ಚೆಲ್ಲುವುದು ಬಿಟ್ಟೆ.

"ಹೇಳಮ್ಮಾ," ಈಗ ಅವನ ಮಾತಿಗೆ ಬೆಣ್ಣೆ ಸವರಿದಂತಿತ್ತು. "ನಿಂಗೇನೋ ಗೊತ್ತಂತೆ. ಹೇಳು, ಬರ್ಕೋತೀವಿ."

ಇಲ್ಲೇ ಕೆಲಸಕ್ಕಿದ್ದ ನನ್ನ ಅತ್ತಿಗೆ ಹೇಳಿದ್ದನ್ನೂ ಹೀಗೇ ಬರೆದುಕೊಂಡಿದ್ದರು. ಬಣ್ಣ ಕುದಿಯುವ ಹದವನ್ನೆಲ್ಲ ಒಪ್ಪಿಸಿದಳು, ಪೆದ್ದಿ. 'ವರ್ಷದ ಉತ್ತಮ ಸಲಹೆ' ಅಂತ ಗೋಡೆಗೆ ಇವನ ಫೋಟೋ ಏರಿತು. ಮುಂದಿನ ವಾರ ಅವಳನ್ನು ಗೇಟಿನಲ್ಲೇ ತಡೆದರು. "ಎಲ್ಲಾ ಪುಸ್ತಕದಲ್ಲಿದೆ, ಇನ್ನು ನೀನ್ಯಾಕೆ?" ಹೊಳೆ ದಾಟಿದ ಮೇಲೆ ಈ ಬಡ್ಡೀಮಕ್ಕಳಿಗೆ ಅಂಬಿಗ ಯಾರೋ! ಅತ್ತಿಗೆ ಈಗ ಕಂಡವರ ಮನೆಯ ಪಾತ್ರೆ ತಿಕ್ಕುತ್ತಾಳೆ.

"ನಾನು ಬಕೆಟ್ಟು ಸಾರ್," ಎಂದೆ. "ಬಕೆಟ್ಟಿಗೆ ಬಾಯಿರುತ್ತೆ, ನಾಲಿಗೆ ಇರಲ್ಲ."

"ಕೊಬ್ಬೇನೇ, ಮುಂಡೇದೇ? ಇವತ್ತೇ ಗೇಟಾಚೆ ಹಾಕಿಸ್ತೀನಿ!"

"ಹೇಳಿದ್ರೂ ಹಾಕ್ತೀರ, ಹೇಳದಿದ್ರೂ ಹಾಕ್ತೀರ. ನಮ್ಮತ್ತಿಗೇನ ನೋಡಿದೀನಲ್ಲ. ಬರೋ ಸೋಮವಾರ ನಿಮ್ಮ ಪುಸ್ತಕಾನೇ ತೊಟ್ಟಿಗೆ ಅದ್ದಿ ನೋಡಿ."

ಪೇಪರ್ ದಾಟಿದೆ. ಎಂಟನೇ ಕುರ್ಚಿ ಎಳೆದುಕೊಂಡು, ಬೆನ್ನು ಒರಗಿಸಿ, ಗಟ್ಟಿಯಾಗಿ ಕೂತೆ. ಹದಿನೇಳು ವರ್ಷದ ಕಾಲುನೋವಿಗೆ ಹಾಯೆನಿಸಿತು. ಏಳೂ ಮಂದಿ ಬಾಯಿ ತೆರೆದು ನೋಡುತ್ತಿದ್ದರು. ಅವರಿಗೂ ನಾಲಿಗೆ ಇದ್ದಂತೆ ಕಾಣಲಿಲ್ಲ.

ಸಾಕೆನಿಸಿದಾಗ ನಾನಾಗೇ ಎದ್ದೆ. ಜವಾನ ಓಡಿಬಂದು ಕುರ್ಚಿ ಉಜ್ಜಿದ, ಉಜ್ಜಿದ, ಬೆವರು ಕಿತ್ತು ಬರುವ ತನಕ ಉಜ್ಜಿದ. ನೀಲಿ ಬಿಡಲಿಲ್ಲ. ಒಂದೇ ಸಮ ಹಿಡಿದಿತ್ತು, ಎಲ್ಲೂ ಒಂದು ಮಚ್ಚೆಯಿಲ್ಲ.